ಚಾಲಕರೇ ಒಡೆಯರಾಗುವ ಆ್ಯಪ್‌ಗೆ ಲೆಕ್ಕ ಹಾಕುವ ಬಗೆ

ಚಾಲಕರ ಒಡೆತನದ ಆ್ಯಪ್ ಕಟ್ಟಲು ಹೊರಟವರು ತತ್ವಕ್ಕಿಂತ ಮೊದಲು ಸೋರಿಹೋಗುತ್ತಿರುವ ಹಣವನ್ನು ಲೆಕ್ಕ ಹಾಕಬೇಕು. ಆಟೋ ಚಾಲಕರೊಬ್ಬರು ದಿನಕ್ಕೆ 1,200 ರೂಪಾಯಿ ದುಡಿದು, ಆ್ಯಪ್ ಕಂಪನಿಗೆ ನೂರಕ್ಕೆ 20ರಂತೆ ಕಮಿಷನ್ ಕೊಡುತ್ತಾರೆ ಎಂದಿಟ್ಟುಕೊಂಡರೆ, ತಿಂಗಳಿಗೆ 25 ದಿನ ಗಾಡಿ ಓಡಿಸಿದಾಗ ಕೈತಪ್ಪುವ ಮೊತ್ತ 6,000 ರೂಪಾಯಿ. ಬೆಂಗಳೂರಿನ ಆಟೋ ಬುಕಿಂಗ್ ಆ್ಯಪ್ ‘ನಮ್ಮ ಯಾತ್ರಿ’ 2023ರಲ್ಲಿ ಕಮಿಷನ್ ಬದಲಿಗೆ ದಿನಕ್ಕೆ 25 ರೂಪಾಯಿಯ ಚಂದಾ ತಂದಿತು. ಅಷ್ಟೇ ದಿನಗಳಿಗೆ ಅದು 625 ರೂಪಾಯಿ. ಸದಸ್ಯರ ಮುಂದೆ ಇಡಬೇಕಾದುದು ಈ ಅಂತರವನ್ನೇ.

ಬಳಿಕ ಖರ್ಚನ್ನು ಬರೆದುಕೊಳ್ಳಿ. ಸರ್ವರ್, ನಕ್ಷೆ, ಸಹಾಯವಾಣಿ, ಸಿಬ್ಬಂದಿ ಸೇರಿ ತಿಂಗಳಿಗೆ 5 ಲಕ್ಷವಾದರೆ, ಅದೇ ಚಂದಾದರದಲ್ಲಿ 800 ಸದಸ್ಯರು ಬೇಕು. ನಮ್ಮ ಯಾತ್ರಿಯಂತೆ ಬೆಕ್ನ್ ಎಂಬ ಮುಕ್ತ ಪ್ರೋಟೊಕಾಲ್ (ಯಾರು ಬೇಕಾದರೂ ಬಳಸಬಹುದಾದ ತಾಂತ್ರಿಕ ನಿಯಮಾವಳಿ) ಬಳಸಿದರೆ ಎಲ್ಲವನ್ನೂ ಸೊನ್ನೆಯಿಂದ ಕಟ್ಟುವ ಹೊರೆ ತಪ್ಪುತ್ತದೆ. ಇಡೀ ಊರಿಗೆ ಒಮ್ಮೆಲೇ ಕೈಹಾಕಬೇಡಿ. ಕರೆದಾಗ ಗಾಡಿ ಬಾರದಿದ್ದರೆ ಪ್ರಯಾಣಿಕರು ಮತ್ತೆ ತಿರುಗಿ ನೋಡುವುದಿಲ್ಲವಾದ್ದರಿಂದ, ಒಂದೆರಡು ಬಡಾವಣೆಗಳಲ್ಲಿ ಚಾಲಕರನ್ನು ದಟ್ಟವಾಗಿ ಸೇರಿಸುವುದೇ ಸರಿ.

ಆದರೆ ಕಮಿಷನ್ ಇಲ್ಲದ ಮಾತ್ರಕ್ಕೆ ಒಡೆತನ ಬಂದಂತಾಗುವುದಿಲ್ಲ, ಇದನ್ನು ಒತ್ತಿ ಹೇಳಲೇಬೇಕು. ನ್ಯೂಯಾರ್ಕ್‌ನ ಡ್ರೈವರ್ಸ್ ಕೋಆಪರೇಟಿವ್ ಎಂಬ ಸಹಕಾರ ಸಂಘದಲ್ಲಿ ಚಾಲಕರೇ ಸದಸ್ಯ-ಒಡೆಯರು. 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿಗೆ ಇದು ಹೊಸದೇನಲ್ಲ. ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ನೋಂದಣಿಗೆ ಹೋಗುವ ಮುನ್ನ, ಲಾಭಾಂಶವನ್ನು ಹಂಚುವ ರೀತಿ, ಪ್ರಯಾಣದ ಮಾಹಿತಿಯ ಮೇಲಿನ ಹಕ್ಕು ಮತ್ತು ಚಂದಾ ಏರಿಸಲು ಬೇಕಾದ ಬಹುಮತವನ್ನು ಬೈಲಾದಲ್ಲಿ (ಸಂಘದ ಒಳನಿಯಮಗಳಲ್ಲಿ) ಸ್ಪಷ್ಟವಾಗಿ ಬರೆಯಿರಿ.