ಗುಳ್ಳೆಯೊಳಗೆ ಏನಿದೆ? ಗದಗ, ಜೋಹಾನ್ಸ್‌ಬರ್ಗ್, ಪರ್ತ್ ಸೇರಿ ಮಾಡಿದ ಒಂದು ಸಂಶೋಧನೆ

ನಮ್ಮ ಕಾಲೇಜಿನ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳಲ್ಲಿ ಅನೇಕರು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ರೋಣ, ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಗದಗಿಗೆ ಬರುತ್ತಾರೆ. ಪಿಯುಸಿಗೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷ್. ಕಿರುಪರೀಕ್ಷೆಯಲ್ಲಿ ಇವರ ಅಂಕ ಹೋದದ್ದು ರಸಾಯನಶಾಸ್ತ್ರ ಬರದೆಯೋ ಇಂಗ್ಲಿಷ್ ಬರದೆಯೋ ಎಂದು ನನಗೆ ಬಗೆಹರಿಯುತ್ತಿರಲಿಲ್ಲ. ನಾನು ಸಂಶೋಧನೆಗೆ ಕೈಹಾಕಿದ್ದು ಇದೊಂದೇ ಕಾರಣಕ್ಕೆ. ಪಿಎಚ್‌.ಡಿ. ಮಾಡುವ ಆಸೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಐಯುಪಿಎಸಿ (ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ) ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಂಯುಕ್ತಗಳಿಗೆ ಹೆಸರಿಡುವ ನಿಯಮಗಳು. 1919ರಲ್ಲಿ ಹುಟ್ಟಿದ ಆ ಒಕ್ಕೂಟಕ್ಕೆ ರಸಾಯನಶಾಸ್ತ್ರ ಶಿಕ್ಷಣದ್ದೇ ಒಂದು ಸಮಿತಿ ಇದೆ. ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನವೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2022ರದು ಕೇಪ್‌ಟೌನ್‌ನದಾದರೂ ಕೋವಿಡ್‌ನಿಂದಾಗಿ ಆನ್‌ಲೈನ್‌ನಲ್ಲೇ ನಡೆಯಿತು. ಹಾಗಾಗಿ ನಾನು ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕೂತು ಕೇಳಿದೆ. ವಿಮಾನದ ಖರ್ಚಿದ್ದಿದ್ದರೆ ಆ ಮಾತೇ ಏಳುತ್ತಿರಲಿಲ್ಲ. ಅಲ್ಲಿ ಜೋಹಾನ್ಸ್‌ಬರ್ಗ್‌ನ ಉಪನ್ಯಾಸಕಿಯೊಬ್ಬರ ಪರಿಚಯವಾಯಿತು. ಅವರ ಮಕ್ಕಳು ಮನೆಯಲ್ಲಿ ಜುಲು, ಸೆಟ್ಸ್ವಾನಾ ಮಾತಾಡಿ ತರಗತಿಯಲ್ಲಿ ಇಂಗ್ಲಿಷಿನಲ್ಲಿ ರಸಾಯನಶಾಸ್ತ್ರ ಕಲಿಯುವವರು. ನನ್ನ ತೊಡಕನ್ನು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ ಅವರ ಪರಿಚಯದಿಂದ ಆಸ್ಟ್ರೇಲಿಯಾದ ಪರ್ತ್‌ನ ಸಂಶೋಧಕರೊಬ್ಬರು ಸೇರಿಕೊಂಡರು. ನಮಗೆ ರಾತ್ರಿ ಏಳಾದಾಗ ಪರ್ತ್‌ನಲ್ಲಿ ಒಂಬತ್ತೂವರೆ, ಜೋಹಾನ್ಸ್‌ಬರ್ಗ್‌ನಲ್ಲಿ ಮಧ್ಯಾಹ್ನ ಮೂರೂವರೆ. ನಾವು ನಡುವೆ ಇದ್ದದ್ದರಿಂದ ನನಗಂತೂ ಯಾವತ್ತೂ ನಿದ್ದೆಗೆಡಬೇಕಾಗಲಿಲ್ಲ.

ಬರೆಸುವುದಕ್ಕಿಂತ ಚಿತ್ರ ತೆಗೆಸೋಣ ಎಂಬುದು ನಮ್ಮ ಮೊದಲ ತೀರ್ಮಾನ. ಗ್ಲಾಸ್ಗೋದ ಅಲೆಕ್ಸ್ ಜಾನ್‌ಸ್ಟನ್ 1991ರಲ್ಲಿ ಬರೆದ ಲೇಖನವೊಂದು ರಸಾಯನಶಾಸ್ತ್ರ ಶಿಕ್ಷಣದ ಸಂಶೋಧಕರಿಗೆಲ್ಲ ಗೊತ್ತು. ಅವರ ಪ್ರಕಾರ ರಸಾಯನಶಾಸ್ತ್ರ ಮೂರು ಮಟ್ಟದಲ್ಲಿ ನಡೆಯುತ್ತದೆ: ಕಣ್ಣಿಗೆ ಕಾಣುವುದು, ಕಾಣದ ಕಣಗಳು, ಸೂತ್ರ-ಸಮೀಕರಣಗಳು. ನಾವು ಮೇಷ್ಟ್ರುಗಳು ಒಂದೇ ವಾಕ್ಯದಲ್ಲಿ ಮೂರರ ನಡುವೆಯೂ ಜಿಗಿಯುತ್ತೇವೆ, ಮಕ್ಕಳು ಎಲ್ಲೋ ಜಾರಿ ಬೀಳುತ್ತಾರೆ. ಸಮೀಕರಣವನ್ನು ಬಾಯಿಪಾಠ ಮಾಡಬಹುದು, ಕಣಗಳ ಚಿತ್ರವನ್ನು ಬಾಯಿಪಾಠ ಮಾಡುವುದು ಕಷ್ಟ. ಚಿತ್ರದ ಕೆಳಗೆ ಎರಡು ಸಾಲು ವಿವರಣೆ ಯಾವ ಭಾಷೆಯಲ್ಲಿ ಬೇಕಾದರೂ ಇರಬಹುದು ಎಂದೆವು.

ನಾವು ಕೇಳಿದ ಪ್ರಶ್ನೆ ಹೊಸದಲ್ಲ. ಕುದಿಯುವ ನೀರಿನ ಗುಳ್ಳೆಯೊಳಗೆ ಏನಿದೆ ಎಂದು ನ್ಯೂಜಿಲೆಂಡ್‌ನ ಮಕ್ಕಳನ್ನು ಆಸ್ಬಾರ್ನ್ ಮತ್ತು ಕಾಸ್‌ಗ್ರೋವ್ ಎಂಬ ಸಂಶೋಧಕರು ಕೇಳಿ 1983ರಲ್ಲೇ ಪ್ರಕಟಿಸಿದ್ದರು. ಆ ಮಕ್ಕಳು ಗಾಳಿ, ಶಾಖ, ಹೈಡ್ರೋಜನ್ ಮತ್ತು ಆಕ್ಸಿಜನ್, ಹಬೆ ಎಂದೆಲ್ಲ ಹೇಳಿದ್ದರು. ಸರಿಯುತ್ತರ ಹಬೆ, ಅಂದರೆ ನೀರಿನದೇ ಆವಿ. ನಮ್ಮವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. "ಗುಳ್ಳ್ಯಾಗ ಹವಾ ಐತ್ರಿ ಮೇಡಂ, ಮತ್ತೇನ್ ಇರತೈತಿ?"

ನಾನು ತಕರಾರು ತೆಗೆದದ್ದು ಇಲ್ಲೇ. ಉತ್ತರಗಳಿಗೆ ಅಂಕ ಹಾಕಲು ಪರ್ತ್‌ನವರು ಮಾಡಿದ ಪಟ್ಟಿಯಲ್ಲಿ "ಗಾಳಿ" ಎಂದವರಿಗೆಲ್ಲ ತಪ್ಪು. ಆದರೆ ನೀರನ್ನು ಒಲೆಯ ಮೇಲಿಟ್ಟು ನೋಡಿದವರಿಗೆ ಗೊತ್ತು, ಕುದಿ ಬರುವ ಎಷ್ಟೋ ಮೊದಲೇ ಪಾತ್ರೆಯ ತಳದಲ್ಲಿ ಸಣ್ಣ ಸಣ್ಣ ಗುಳ್ಳೆ ಕೂರುತ್ತವೆ. ಅವು ನೀರಲ್ಲಿ ಕರಗಿದ್ದ ಗಾಳಿಯವೇ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಕ್ಸಿಜನ್ ಹಿಡಿದಿಟ್ಟುಕೊಂಡಿರುತ್ತದೆ, ಬಿಸಿಯಾದಂತೆ ಬಿಟ್ಟುಕೊಡುತ್ತದೆ. ಆ ಗುಳ್ಳೆ ನೋಡಿ "ಹವಾ" ಎಂದ ಹುಡುಗಿಗೆ ಸೊನ್ನೆ ಕೊಡುವುದು ನನಗೆ ಸರಿ ಕಾಣಲಿಲ್ಲ. ಇದರ ಮೇಲೆ ದೊಡ್ಡ ಚರ್ಚೆಯೇ ಆಯಿತು. ಕೊನೆಗೆ ಪ್ರಶ್ನೆಯನ್ನೇ ಬದಲಿಸಿದೆವು: "ನೀರು ಐದು ನಿಮಿಷ ಕೊತಕೊತ ಕುದ್ದ ಮೇಲೆ ಬರುವ ದೊಡ್ಡ ಗುಳ್ಳೆಯೊಳಗೆ ಏನಿದೆ?"

ಹೈಡ್ರೋಜನ್-ಆಕ್ಸಿಜನ್ ಬರೆದವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿದೆ. ಹತ್ತನೇ ತರಗತಿಯಲ್ಲಿ ನೋಡಿದ ನೀರಿನ ವಿದ್ಯುದ್ವಿಭಜನೆಯ (ವಿದ್ಯುತ್ ಹಾಯಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವುದು) ಚಿತ್ರ ಅವರ ತಲೆಯಲ್ಲಿ ಭದ್ರವಾಗಿತ್ತು. ಅಲ್ಲಿ ಎರಡು ನಳಿಕೆ, ಎರಡರಲ್ಲೂ ಗುಳ್ಳೆ. ಗುಳ್ಳೆ ಬಂದಲ್ಲೆಲ್ಲ ನೀರು ಒಡೆದಿದೆ ಎಂದುಕೊಂಡಿದ್ದರು. ಇದನ್ನು ಅಜ್ಞಾನ ಎನ್ನಲು ಮನಸ್ಸು ಬರಲಿಲ್ಲ. ಕಲಿತದ್ದನ್ನೇ ಬೇರೆ ಕಡೆ ಹಚ್ಚಿದ್ದರು, ಅಷ್ಟೇ. ಜೋಹಾನ್ಸ್‌ಬರ್ಗ್‌ನವರ ಸಂದರ್ಶನಗಳಲ್ಲೂ ಇದೇ ಕಾರಣ ಸಿಕ್ಕಿತು. ಎರಡು ಖಂಡಗಳ ಪಾಠದಲ್ಲಿ ಒಂದೇ ಕಡೆ ಬಿರುಕಿದೆ ಎಂಬುದು ನಾನೊಬ್ಬಳೇ ಗದಗಿನಲ್ಲಿ ಕೂತಿದ್ದರೆ ತಿಳಿಯುತ್ತಿರಲಿಲ್ಲ. ಈಗ ಆವಿಯಾಗುವಿಕೆ ಪಾಠಕ್ಕೆ ಮೊದಲೇ ಎರಡೂ ಚಿತ್ರಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆಯುತ್ತೇನೆ. 18 ಗ್ರಾಂ ನೀರು 100 ಡಿಗ್ರಿಯ ಹಬೆಯಾದರೆ 30 ಲೀಟರಿಗೂ ಹೆಚ್ಚು ಜಾಗ ತಿನ್ನುತ್ತದೆ ಎಂಬ ಲೆಕ್ಕವನ್ನೂ ಅಲ್ಲೇ ಮಾಡಿಸುತ್ತೇನೆ. ಅಣುಗಳು ಅವೇ, ನಡುವಿನ ಜಾಗ ಮಾತ್ರ ಹಿಗ್ಗಿತು ಎಂದು ಹೇಳಿದ್ದಕ್ಕಿಂತ ಆ ಲೆಕ್ಕ ಚೆನ್ನಾಗಿ ನಾಟುತ್ತದೆ.

ಎಲ್ಲಕ್ಕಿಂತ ಬೇಸರದ ಕೆಲಸ ಚಿತ್ರಗಳ ವರ್ಗೀಕರಣ. ಮಕ್ಕಳ ಹೆಸರು ತೆಗೆದು ಸಂಖ್ಯೆ ಹಾಕಿ ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿದೆ. ಒಂದೇ ಚಿತ್ರವನ್ನು ಇಬ್ಬರು ಪರಸ್ಪರ ಕೇಳದೆ ವರ್ಗೀಕರಿಸಬೇಕು, ಆಮೇಲೆ ಎಷ್ಟು ಹೊಂದಿದೆ ಎಂದು ನೋಡಬೇಕು. ಅದಕ್ಕೆ ಕೊಹೆನ್‌ರ ಕಪ್ಪಾ ಎಂಬ ಅಳತೆ ಇದೆ. ಸುಮ್ಮನೆ ಕಾಕತಾಳೀಯವಾಗಿ ಹೊಂದುವುದನ್ನು ಕಳೆದು ಉಳಿದದ್ದನ್ನು ಅದು ತೋರಿಸುತ್ತದೆ. ಪೂರ್ತಿ ಹೊಂದಿದರೆ 1. ಒಂದು ಖಾಲಿ ವೃತ್ತ ನಮ್ಮನ್ನು ಬಹಳ ಕಾಡಿತು. ಮಗು ಗುಳ್ಳೆ ಬರಿದು ಎಂದಿತೋ, ಚಿತ್ರ ಮುಗಿಸಲೇ ಇಲ್ಲವೋ? ಕೇಳಿದರೆ ಆ ಹುಡುಗ, "ಹಬಿ ಕಾಣಂಗಿಲ್ಲಲ್ರಿ, ಕಾಣದ್ದನ್ ಹ್ಯಾಂಗ್ ತಗೀಲಿ?" ಎಂದ. ಆ ಉತ್ತರಕ್ಕೆ ನಮ್ಮ ಪಟ್ಟಿಯಲ್ಲಿ ಮನೆಯೇ ಇರಲಿಲ್ಲ, ಹೊಸದೊಂದು ಸೇರಿಸಿದೆವು.

ಅನುಮತಿ ಪತ್ರಗಳ ವಿಚಾರವನ್ನು ಹೆಚ್ಚು ಎಳೆಯುವುದಿಲ್ಲ. ಆ ಕಡೆಯವರ ವಿಶ್ವವಿದ್ಯಾಲಯಗಳಿಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ನಾವು ಪ್ರಾಚಾರ್ಯರ ಸಹಿ ಮತ್ತು ಪಾಲಕರಿಗೆ ಕನ್ನಡದ ಪತ್ರದೊಂದಿಗೆ ಮುಗಿಸಿದೆವು. ಒಬ್ಬ ತಂದೆ ಕೇಳಿದ್ದು ಒಂದೇ ಮಾತು, "ಇದರಿಂದ ಮಾರ್ಕ್ಸ್ ಹೆಚ್ಚಾಗ್ತಾವೇನ್ರಿ ಮೇಡಂ?" ಇಲ್ರಿ ಅಂದೆ. ಆದರೂ ಸಹಿ ಮಾಡಿದರು.

ಯೋಜನೆಯಲ್ಲಿ ಇಲ್ಲದ ಒಂದು ಸಂಗತಿ ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿತು. ಮೂರೂ ಊರಿನವರು ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಅಳೆದು ಹಂಚಿಕೊಂಡೆವು. ಪರ್ತ್ ಸಮುದ್ರದಂಡೆಯ ಊರು, 100ರ ಆಸುಪಾಸು. ಸುಮಾರು 650 ಮೀಟರ್ ಎತ್ತರದ ಗದಗಿನಲ್ಲಿ 98ರ ಹತ್ತಿರ. ಜೋಹಾನ್ಸ್‌ಬರ್ಗ್ 1,700 ಮೀಟರಿಗೂ ಮೇಲೆ, ಅಲ್ಲಿಂದ ಬಂದದ್ದು 94. "ಅವರ ಥರ್ಮಾಮೀಟರ್ ಕೆಟ್ಟೈತ್ರಿ" ಎಂದು ಇಡೀ ತರಗತಿ ತೀರ್ಪು ಕೊಟ್ಟಿತು. ತಮ್ಮ 98ರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಪ್ರಾಯೋಗಿಕ ದಾಖಲೆ ಪುಸ್ತಕ ತೆರೆದು ನೋಡಿದರೆ ಕೆಲವರು 100 ಎಂದೇ ಬರೆದಿದ್ದರು. ಎತ್ತರಕ್ಕೆ ಹೋದಂತೆ ವಾಯುಭಾರ ಕುಗ್ಗಿ ನೀರು ಕಡಿಮೆ ಡಿಗ್ರಿಗೇ ಕುದಿಯುತ್ತದೆ ಎಂಬ ಪಾಠವನ್ನು ಆ ದಿನ ನಾನು ಶುರುಮಾಡಲಿಲ್ಲ, ಅವರೇ ಶುರುಮಾಡಿಸಿದರು.

ಹೊರದೇಶದವರೊಡನೆ ಕೆಲಸ ಮಾಡಬೇಕೆಂದಿರುವ ನಮ್ಮ ಕಡೆಯ ಉಪನ್ಯಾಸಕರಿಗೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. "ಈ ಪ್ರಶ್ನಾವಳಿ ತುಂಬಿಸಿ ಕಳಿಸಿ" ಎಂಬ ಮಿಂಚಂಚೆ ಬಂದರೆ ಅದು ಸಹಯೋಗವಲ್ಲ, ಕೂಲಿ. ಪ್ರಶ್ನೆ ಯಾರು ಬದಲಿಸಬಹುದು, ದತ್ತಾಂಶ ಯಾರ ಬಳಿ ಇರುತ್ತದೆ, ಲೇಖಕರ ಹೆಸರು ಯಾವ ಕ್ರಮದಲ್ಲಿ ಎಂಬುದನ್ನು ಮೊದಲೇ ಬರಹದಲ್ಲಿ ಒಪ್ಪಿಕೊಳ್ಳಿ. ಗಾಳಿಯ ಗುಳ್ಳೆಯ ತಕರಾರು ನಾನು ತೆಗೆಯಲು ಸಾಧ್ಯವಾದದ್ದು ಆ ಒಪ್ಪಂದ ಇದ್ದದ್ದರಿಂದ. ಓದಲು ದುಡ್ಡು ಬೇಡದ ನಿಯತಕಾಲಿಕೆಯಿಂದ ಆರಂಭಿಸಿ: ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ 'ಕೆಮಿಸ್ಟ್ರಿ ಎಜುಕೇಶನ್ ರಿಸರ್ಚ್ ಅಂಡ್ ಪ್ರಾಕ್ಟೀಸ್' ಎಲ್ಲರಿಗೂ ತೆರೆದಿದೆ.

ಮುಂದಿನ ಸುತ್ತಿಗೆ ಹಾವೇರಿಯ ಉಪನ್ಯಾಸಕರೊಬ್ಬರು ಸೇರುತ್ತಿದ್ದಾರೆ. ನೀರಿನಲ್ಲಿ ಸಕ್ಕರೆ ಮತ್ತು ಉಪ್ಪು ಕರಗಿದಾಗ ಕಣಗಳಿಗೆ ಏನಾಗುತ್ತದೆ ಎಂಬ ಚಿತ್ರ ಈ ಸಲ. ಖಾಲಿ ಬಿಟ್ಟ ಚಿತ್ರಕ್ಕೆ ಮಗುವನ್ನು ಕರೆದು ಕೇಳದೆ ಅಂಕ ಹಾಕಬಾರದು ಎಂಬುದು ಕರಡು ನಿಯಮಗಳಲ್ಲಿ ಮೊದಲನೆಯದಾಗಿ ಸೇರಿದೆ.