ಗಂಡಿನ ಕೆಲಸ, ಹೆಣ್ಣಿನ ಕೆಲಸ: ವಾದಕ್ಕೆ ಮೊದಲು ಒಂದು ಹಾಳೆ ತಗೊಳ್ಳಿ

ನಾನು ಲೆಕ್ಕ ಬರೆಯುವವಳು. ಹತ್ತೊಂಬತ್ತು ವರ್ಷದಿಂದ ಬೇರೆಯವರ ಜಮಾ-ಖರ್ಚು ತಾಳೆ ನೋಡಿ ಸಂಬಳ ತಗೊಳ್ಳುತ್ತಿದ್ದೇನೆ. ನಮ್ಮ ಮನೆಯ ಲೆಕ್ಕವೇ ತಾಳೆಯಾಗುತ್ತಿಲ್ಲ ಅಂತ ಗೊತ್ತಾದದ್ದು ಮಾತ್ರ ಒಂದು ರಾತ್ರಿ, ಟೀವಿ ಮುಂದೆ ಕೂತಾಗ.

ಚರ್ಚೆ ನಡೆಯುತ್ತಿತ್ತು. "ಗಂಡ ದುಡೀಬೇಕು, ಹೆಂಡತಿ ಮನೆ ನೋಡ್ಕೋಬೇಕು, ಆಗಲೇ ಸಂಸಾರ ನೆಟ್ಟಗಿರೋದು" ಅಂತ ಒಬ್ಬರು. "ಎಲ್ಲಾ ಅರ್ಧಕ್ಕರ್ಧ" ಅಂತ ಇನ್ನೊಬ್ಬರು. ಇಬ್ಬರೂ ಗಂಟಲು ಹರಿದುಕೊಂಡರು. ಜಾಹೀರಾತು ಬಂದಾಗ ನನ್ನ ಗಂಡ, "ನಮ್ಮಲ್ಲಿ ಈ ಗಲಾಟೆನೇ ಇಲ್ಲ ಬಿಡು. ನಾವು ಅರ್ಧರ್ಧ ಮಾಡ್ಕೊಂಡಿದ್ದೀವಿ" ಅಂದರು. ನಾನು ಮಗಳ ಶಾಲೆಯ ಅರ್ಜಿ ತುಂಬುತ್ತಿದ್ದೆ. ಮಗನ ಶೂ ಬಿಗಿಯಾಗಿದೆ ಅನ್ನೋದು ತಲೆಯ ಇನ್ನೊಂದು ಮೂಲೆಯಲ್ಲಿತ್ತು. ಪೆನ್ನು ಕೆಳಗಿಟ್ಟೆ. "ಏನ್ರೀ ಅಂದ್ರಿ?" ಅಂದೆ.

ಆಮೇಲೆ ಎರಡು ಗಂಟೆ ನಾವಿಬ್ಬರೂ ಆ ಟೀವಿಯವರ ಹಾಗೇ ಮಾತಾಡಿದೆವು. ಗಂಡಸರು ಹೀಗೆ, ಹೆಂಗಸರು ಹಾಗೆ, ನಿಮ್ಮಪ್ಪ ಹೀಗಿದ್ದರು, ನಿಮ್ಮಮ್ಮ ಹಾಗಿದ್ದರು. ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದಷ್ಟೇ ಬಂತು. ಶೂ ಬಿಗಿಯಾಗೇ ಇತ್ತು.

ಅದಾದ ಮೇಲೆ ನಾವು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. "ಗಂಡು ಏನು ಮಾಡಬೇಕು, ಹೆಣ್ಣು ಏನು ಮಾಡಬೇಕು" ಅನ್ನೋ ದೊಡ್ಡ ಪ್ರಶ್ನೆಯನ್ನು ಪಕ್ಕಕ್ಕಿಡಿ. "ಈ ಮನೆಯಲ್ಲಿ ಈ ಕೆಲಸ ಯಾರ ತಲೆಯಲ್ಲಿದೆ?" ಅಂತ ಕೇಳಿ. ಇದಕ್ಕೆ ಉತ್ತರ ಸಿಗುತ್ತದೆ.

ಮೊದಲು ಎರಡು ಚೀಟಿ

ಇಬ್ಬರೂ ಒಂದೊಂದು ಚೀಟಿ ತಗೊಳ್ಳಿ. ಮನೆ ಕೆಲಸದಲ್ಲಿ ನೂರಕ್ಕೆ ಎಷ್ಟು ಪಾಲು ನಿಮ್ಮದು ಅಂತ, ಒಬ್ಬರದನ್ನು ಒಬ್ಬರು ನೋಡದೆ ಬರೆಯಿರಿ. ನಮ್ಮವರು 50 ಬರೆದರು. ನಾನು 85. ಕೂಡಿದರೆ 135. ಲೆಕ್ಕದವಳ ಮನೆಯಲ್ಲೇ ಈ ಗತಿ!

ನಗು ಬಂತು, ಅದೇ ಒಳ್ಳೆಯದಾಯಿತು. ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದನ್ನು ತೋರಿಸಿದ್ದಾರೆ. ಗಂಡ-ಹೆಂಡತಿ ತಮ್ಮ ತಮ್ಮ ಪಾಲು ಹೇಳಿದರೆ ಹೆಚ್ಚಿನ ಕೆಲಸಗಳಲ್ಲಿ ಮೊತ್ತ ಪೂರ್ತಿಗಿಂತ ಜಾಸ್ತಿಯಾಗುತ್ತದೆ. ನಾವು ಮಾಡಿದ್ದು ನಮಗೆ ಬೇಗ ನೆನಪಾಗುತ್ತದೆ, ಅಷ್ಟೇ. ಎದುರಿನವರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಕಾಗಿಲ್ಲ.

ಹಾಗಂತ ಎರಡೂ ಕಡೆಯ ಅಂದಾಜು ಒಂದೇ ಸಮ ತಪ್ಪು ಅಂತಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಕೊಟ್ಟ ವರದಿ ಪ್ರಕಾರ, ಜಗತ್ತಿನಲ್ಲಿ ಸಂಬಳವಿಲ್ಲದೆ ನಡೆಯುವ ಮನೆ ಮತ್ತು ಆರೈಕೆಯ ಕೆಲಸದ ಗಂಟೆಗಳಲ್ಲಿ ಶೇ. 76.2 ಹೆಂಗಸರದು. ದಿನಕ್ಕೆ ಹೆಂಗಸರು 4 ಗಂಟೆ 25 ನಿಮಿಷ, ಗಂಡಸರು 1 ಗಂಟೆ 23 ನಿಮಿಷ. ಅದು ಜಗತ್ತಿನ ಸರಾಸರಿ. ನಿಮ್ಮ ಮನೆಯದು ಬೇರೆ ಇರಬಹುದು. ಅದಕ್ಕೇ ಹಾಳೆ ಬೇಕಾಗಿರುವುದು.

ಒಂದು ವಾರ ಬರೆಯಿರಿ

ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿ, ದಾರದಲ್ಲಿ ಪೆನ್ನು ಕಟ್ಟಿ. ಮಾಡಿದ ಕೆಲಸ, ಹಿಡಿದ ಹೊತ್ತು, ಯಾರು. ಮೂರೇ ಅಂಕಣ. ಷರಾ ಬರೆಯಲು ಜಾಗ ಬಿಡಬೇಡಿ. ಬಿಟ್ಟರೆ ಬೈಗುಳವೆಲ್ಲ ಅಲ್ಲಿಗೇ ಬಂದು ಕೂರುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ಎರಡನೇ ದಿನವೇ ನನಗೆ ತೊಡಕಾಯಿತು. ಶೂ ಕೊಂಡದ್ದನ್ನು ಹೇಗೆ ಬರೆಯೋದು? ಅಂಗಡಿಗೆ ಇಬ್ಬರೂ ಹೋಗಿದ್ದೆವು. ದುಡ್ಡು ಕೊಟ್ಟವರು ಅವರು. ಅವರ ಪ್ರಕಾರ ಅದು ಇಬ್ಬರ ಕೆಲಸ, ಮುಕ್ಕಾಲು ಗಂಟೆ.

ಆದರೆ ಆ ಕೆಲಸ ಶುರುವಾದದ್ದು ಎಲ್ಲಿ? ಎರಡು ವಾರದ ಹಿಂದೆ ಮಗ ಶಾಲೆಯಿಂದ ಬಂದು ಶೂ ಕಳಚಿದಾಗ ಹೆಬ್ಬೆರಳಿನ ತುದಿ ಕೆಂಪಾಗಿತ್ತು. ಬಗ್ಗಿ ಒತ್ತಿ ನೋಡಿದೆ, ಮುಂದೆ ಒಂಚೂರೂ ಜಾಗ ಇರಲಿಲ್ಲ. ಮಾರನೇ ದಿನ ಅವನ ಪಾದವನ್ನು ಹಾಳೆ ಮೇಲೆ ಇಡಿಸಿ ಗೆರೆ ಎಳೆದುಕೊಂಡೆ. ಶಾಲೆಯವರು ಲೇಸ್ ಇರುವ ಶೂ ಕೇಳುತ್ತಾರಾ, ಅಂಟಿಸುವ ಪಟ್ಟಿಯದು ನಡೆಯುತ್ತಾ ಅಂತ ಇನ್ನೊಬ್ಬ ತಾಯಿಯನ್ನು ವಿಚಾರಿಸಿದೆ. ಅಂಗಡಿಗೆ ಹೋಗಿ ಆರಿಸಿದ್ದು ಅದಾದ ಮೇಲೆ. ಕೊಂಡ ಮೂರನೇ ದಿನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದೆಯಾ ಅಂತ ನೋಡಿದ್ದೂ ನಾನೇ.

ಅಲಿಸನ್ ಡಾಮಿಂಜರ್ ಎಂಬ ಸಮಾಜಶಾಸ್ತ್ರಜ್ಞೆ 2019ರಲ್ಲಿ ಇದನ್ನು ನಾಲ್ಕಾಗಿ ಬಿಡಿಸಿಟ್ಟರು. ಏನು ಬೇಕಾಗುತ್ತೆ ಅಂತ ಮುಂಚೆಯೇ ಕಾಣುವುದು, ದಾರಿಗಳನ್ನು ಹುಡುಕುವುದು, ತೀರ್ಮಾನ ಮಾಡುವುದು, ಆಮೇಲೆ ಸರಿಹೋಯಿತಾ ಅಂತ ಕಣ್ಣಿಡುವುದು. ಅವರು ಮಾತಾಡಿಸಿದ ದಂಪತಿಗಳಲ್ಲಿ ತೀರ್ಮಾನ ಇಬ್ಬರದೂ ಆಗಿತ್ತು. ಮುಂಚೆ ಕಾಣುವುದು, ಆಮೇಲೆ ಕಣ್ಣಿಡುವುದು ಹೆಚ್ಚಾಗಿ ಹೆಂಗಸರ ತಲೆಗೆ. ನಮ್ಮ ಶೂ ಕಥೆ ಅದೇ ತಾನೇ?

ಆದ್ದರಿಂದ ಹಾಳೆಯಲ್ಲಿ ಪ್ರತಿ ದೊಡ್ಡ ಕೆಲಸದ ಮುಂದೆ ನಾಲ್ಕು ಪುಟ್ಟ ಮನೆ ಹಾಕಿ: ಕಂಡವರು, ಹುಡುಕಿದವರು, ತೀರ್ಮಾನಿಸಿದವರು, ಆಮೇಲೆ ನೋಡಿಕೊಂಡವರು. ವಾರದ ಕೊನೆಗೆ ನಾನು ಏನೂ ಹೇಳಬೇಕಾಗಲಿಲ್ಲ. ನಮ್ಮವರು ಒಂದನೇ ಮತ್ತು ನಾಲ್ಕನೇ ಮನೆಗಳ ಮೇಲೆ ಬೆರಳಿಟ್ಟುಕೊಂಡು ಕೆಳಗಿನವರೆಗೆ ಬಂದರು. "ಎಲ್ಲಾ ನಿನ್ನ ಹೆಸರೇ ಇದೆಯಲ್ಲೇ" ಅಂದರು.

ಅವರ ಕಡೆಯ ಸಾಲುಗಳನ್ನೂ ಓದಿ

ನಾನು ಗೆದ್ದೆ ಅಂದುಕೊಂಡಿದ್ದೆ. ಅದೇ ಹಾಳೆಯಲ್ಲಿ ಗುರುವಾರದ ಕೆಳಗೆ ಅವರ ಅಕ್ಷರದಲ್ಲಿ ಹೀಗಿತ್ತು: "ಕೆಲಸ ಹೋದರೆ ಕಂತು ಹೇಗೆ ಕಟ್ಟೋದು. ರಾತ್ರಿ 2ರಿಂದ 3."

ಸುಮ್ನೆ ಕೂತೆ. ನಾನೂ ದುಡಿಯುತ್ತೇನೆ. ಆದರೂ ಮನೆ ಸಾಲ "ಅವರದು" ಅಂತ ಇಬ್ಬರೂ ಒಪ್ಪಿಬಿಟ್ಟಿದ್ದೆವು. ಹಾಗಂತ ಯಾವತ್ತೂ ಮಾತಾಡಿರಲಿಲ್ಲ. ಎರಡು ವರ್ಷದಿಂದ ಅವರಿಗೆ ಆ ಕೆಲಸ ಹಿಡಿಸುತ್ತಿಲ್ಲ, ಬಿಡುವ ಧೈರ್ಯವೂ ಇಲ್ಲ ಅನ್ನೋದು ನನಗೆ ಅಂದೇ ಗೊತ್ತಾಯಿತು. ಗಂಡಸು ಅಂದ ಮೇಲೆ ದುಡಿಯಲೇಬೇಕು, ಅದರ ಬಗ್ಗೆ ಕೊರಗಬಾರದು ಅನ್ನೋದೂ ಹಳೇ ಪಾತ್ರವೇ. ಸಾಲದ ಕಾಗದ ಎಲ್ಲಿದೆ, ಇನ್ನೆಷ್ಟು ಬಾಕಿ, ಕಂತು ಯಾವ ತಾರೀಖು, ಇದೆಲ್ಲ ಈಗ ನನ್ನ ಫೋನಿನಲ್ಲೂ ಇದೆ.

ನಿಮ್ಮ ಹಾಳೆಯಲ್ಲಿ ಇಂಥ ಸಾಲು ಬಂದರೆ ನಿಮಿಷ ಲೆಕ್ಕ ಹಾಕಬೇಡಿ. ಭಯಕ್ಕೆ ಗಂಟೆ ಹಾಕಲು ಬರುವುದಿಲ್ಲ.

ಕೈ ಬದಲಾಯಿಸುವಾಗ ಪೂರ್ತಿ ಬದಲಾಯಿಸಿ

"ನೀನು ಹೇಳು, ನಾನು ಮಾಡ್ತೀನಿ" ಅನ್ನೋ ಮಾತಿಗೆ ಒಪ್ಪಬೇಡಿ. ಹೇಳೋದೇ ಅರ್ಧ ಕೆಲಸ. ಕೆಲಸ ಕೊಟ್ಟರೆ ನಾಲ್ಕೂ ಮನೆ ಸೇರಿಸಿ ಕೊಡಬೇಕು, ತಗೊಂಡರೆ ನಾಲ್ಕೂ ತಗೋಬೇಕು.

ಇಲ್ಲಿ ಎಡವಿದ್ದು ನಾನು. ಮಗನ ಉಗುರು ಕತ್ತರಿಸೋದನ್ನು ಅವರಿಗೆ ಬಿಟ್ಟುಕೊಟ್ಟೆ. ಮೊದಲ ಭಾನುವಾರ ಅವರು ಅವನನ್ನು ತೊಡೆ ಮೇಲೆ ಕೂರಿಸಿಕೊಂಡರು. ನಾನು ಬಟ್ಟೆ ಮಡಿಸುವ ನೆಪದಲ್ಲಿ ಅಲ್ಲೇ ನಿಂತಿದ್ದೆ. "ಓರೆ ಹಿಡೀರಿ, ತುಂಬಾ ಒಳಕ್ಕೆ ಹೋಗ್ಬೇಡಿ" ಅಂತ ಹೇಳುತ್ತಲೇ ಇದ್ದೆ. ಮೂರನೇ ಬೆರಳಿಗೆ ಬಂದಾಗ ಚರ್ಮ ಸಿಕ್ಕಿ ಒಂದು ಹನಿ ರಕ್ತ ಬಂತು. ಮಗ ಕಿರುಚಿದ. ನಾನು ನೈಲ್ ಕಟರ್ ಕಿತ್ತುಕೊಂಡೆ, ಉಳಿದ ಏಳು ಬೆರಳು ಮುಗಿಸಿದೆ. ಅವರು ಎದ್ದು ಹೊರಗೆ ಹೋದರು.

ಮೊದಮೊದಲು ನನ್ನ ಕೈಯಲ್ಲೂ ಒಂದೆರಡು ಸಲ ಹೀಗಾಗಿತ್ತು. ಆಗ ಯಾರೂ ನನ್ನ ಕೈಯಿಂದ ಕಿತ್ತುಕೊಂಡಿರಲಿಲ್ಲ. ಮುಂದಿನ ಭಾನುವಾರ ಉಗುರಿನ ಹೊತ್ತಿಗೆ ನಾನು ಮನೆಯಲ್ಲಿ ಇರಲಿಲ್ಲ, ಬೇಕಂತಲೇ. ಈಗ ಅಪ್ಪ-ಮಗ ಕಿಟಕಿ ಪಕ್ಕ ಬೆಳಕಿಗೆ ಕೂರುತ್ತಾರೆ, ಪ್ರತಿ ಉಗುರಿಗೂ ಒಂದು ಹೆಸರಿಟ್ಟಿದ್ದಾರಂತೆ. ಹೆಸರುಗಳನ್ನು ನನಗೆ ಹೇಳುವುದಿಲ್ಲ.

"ಯಾರಿಗೆ ಆಗುತ್ತೋ ಅವರು ಮಾಡೋಣ" ಅನ್ನೋದೂ ಕೆಲಸಕ್ಕೆ ಬರುವುದಿಲ್ಲ. ಸ್ವೀಡನ್‌ನಲ್ಲಿ ಇದನ್ನು ಒಂದು ದೇಶದ ಮಟ್ಟದಲ್ಲೇ ನೋಡಿದ್ದಾರೆ. 1974ರಲ್ಲಿ ಅಲ್ಲಿ ಮಗುವಿನ ಆರೈಕೆಯ ರಜೆಯನ್ನು ಅಪ್ಪ-ಅಮ್ಮ ಇಬ್ಬರಿಗೂ ತೆರೆದರು, ಯಾರು ಬೇಕಾದರೂ ತಗೋಬಹುದಿತ್ತು. ಅಪ್ಪಂದಿರು ತಗೊಂಡದ್ದು ತೀರಾ ಕಡಿಮೆ. 1995ರಲ್ಲಿ ಒಂದು ತಿಂಗಳನ್ನು ತಲಾ ಒಬ್ಬೊಬ್ಬರಿಗೆ ಅಂತಲೇ ಮೀಸಲಿಟ್ಟರು. ಅಪ್ಪ ತನ್ನ ತಿಂಗಳು ತಗೊಳ್ಳದಿದ್ದರೆ ಅದು ಅಮ್ಮನಿಗೂ ಸಿಗಲ್ಲ, ಹೋದಂತೆಯೇ. ಆಗ ಅಪ್ಪಂದಿರು ಮನೆಯಲ್ಲಿ ನಿಲ್ಲತೊಡಗಿದರು. ಮನೆಯಲ್ಲೂ ಹೀಗೇ ಮಾಡಿ. ಒಂದಿಷ್ಟು ಕೆಲಸ ಇವರದೇ, ಇವರು ಮಾಡದಿದ್ದರೆ ಆಗುವುದಿಲ್ಲ. ಆಗದೇ ಬಿದ್ದಿರುವುದನ್ನು ನೋಡಿಕೊಂಡು ಸುಮ್ಮನಿರಲು ನೀವು ಕಲಿಯಬೇಕು. ನನಗೆ ಇದೇ ಎಲ್ಲಕ್ಕಿಂತ ಕಷ್ಟವಾದದ್ದು.

ಹಾಳೆ ನಂಬದ ಮನೆಗಳಿಗೆ ಇನ್ನೊಂದು ದಾರಿ ಇದೆ. ಐಸ್‌ಲ್ಯಾಂಡಿನಲ್ಲಿ 1975ರ ಅಕ್ಟೋಬರ್ 24ರಂದು ಶೇ. 90ರಷ್ಟು ಹೆಂಗಸರು ಆಫೀಸು ಕೆಲಸ, ಮನೆ ಕೆಲಸ ಎರಡನ್ನೂ ಬಿಟ್ಟು ಹೊರಗೆ ಬಂದರು. ಗಂಡಸರು ಮಕ್ಕಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೋಗಬೇಕಾಯಿತು. ನೀವು ಅಷ್ಟು ಮಾಡಬೇಕಿಲ್ಲ, ಎರಡು ದಿನ ಎಲ್ಲಾದರೂ ಹೋಗಿ ಬನ್ನಿ. ಆದರೆ ನನ್ನ ಹಾಗೆ ಎರಡು ಪುಟದ ಸೂಚನೆ ಬರೆದಿಟ್ಟು ಹೋಗಬೇಡಿ. ಅದನ್ನು ಬರೆಯಲು ನನಗೆ ಒಂದು ಸಂಜೆ ಹಿಡಿಯಿತು, ಆಮೇಲೂ ಹನ್ನೊಂದು ಸಲ ಫೋನ್ ಬಂತು.

ಮೆಷಿನ್ ತಂದರೆ ಜಗಳ ಮುಗಿಯುತ್ತೆ ಅನ್ನುವವರಿಗೆ ಒಂದೇ ಮಾತು. ಮನೆಗೆ ಯಂತ್ರಗಳು ಬಂದ ಮೇಲೆ ಮೊದಲು ತಪ್ಪಿದ್ದು ಸೌದೆ ಒಡೆಯುವಂಥ ಗಂಡಸರ ಕೆಲಸ, ಹೆಂಗಸರಿಗೆ ಬಟ್ಟೆಯೂ ಮನೆಯೂ ಇನ್ನಷ್ಟು ಚೊಕ್ಕವಾಗಿರಬೇಕು ಅನ್ನೋ ಹೊಸ ಹೊರೆ ಬಂತು ಅಂತ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲೇ ವಿವರವಾಗಿ ಬರೆದಿದ್ದಾರೆ.

ಒಬ್ಬರು ಮನೆಯಲ್ಲೇ ಇರುವುದಾದರೆ

ಒಬ್ಬರು ದುಡಿದು ಇನ್ನೊಬ್ಬರು ಮನೆ ನೋಡಿಕೊಳ್ಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ನನ್ನ ತಂಗಿ ಹಾಗೇ ಇದ್ದಾಳೆ, ಖುಷಿಯಾಗೇ ಇದ್ದಾಳೆ. ಅದು ಮಾತಾಡಿ ಒಪ್ಪಿಕೊಂಡದ್ದೋ, ತಾನಾಗಿ ಮೈಮೇಲೆ ಬಂದದ್ದೋ ಅಂತ ಮಾತ್ರ ನೋಡಿ. ಎಷ್ಟೋ ಸಲ ಅದು ಸಂಬಳದ ಲೆಕ್ಕದ ವೇಷದಲ್ಲಿ ಬರುತ್ತದೆ. ಕರೆದಾಗೆಲ್ಲ ಓಡಿ ಬರುವವರಿಗೆ ಕಂಪನಿಗಳು ಜಾಸ್ತಿ ಸಂಬಳ ಕೊಡುತ್ತವೆ. ಹಾಗಾಗಿ ಒಬ್ಬರು ಆಫೀಸಿನ ಕರೆಗೆ, ಇನ್ನೊಬ್ಬರು ಮನೆಯ ಕರೆಗೆ ನಿಲ್ಲುತ್ತಾರೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಇವತ್ತಿಗೆ ಲಾಭದ ಲೆಕ್ಕ, ಹತ್ತು ವರ್ಷದ ಮೇಲೆ ಮನೆಯಲ್ಲಿದ್ದವರಿಗೆ ವಾಪಸ್ ಹೋಗಲು ಕೆಲಸವೇ ಇರುವುದಿಲ್ಲ.

ತಂಗಿಗೆ ನಾನು ಹೇಳಿದ್ದು ಇಷ್ಟು. ಜಂಟಿ ಖಾತೆ ಇರಲಿ, ನಿನ್ನ ಹೆಸರಲ್ಲೇ ಇನ್ನೊಂದೂ ಇರಲಿ. ಅದಕ್ಕೆ ತಿಂಗಳು ತಿಂಗಳು ದುಡ್ಡು ತಾನಾಗಿ ಬರಲಿ, ಕೇಳಿ ತಗೊಳ್ಳುವ ಹಾಗಾಗಬಾರದು. ವಯಸ್ಸಾದ ಕಾಲಕ್ಕೆ ಅವನು ಎಷ್ಟು ಎತ್ತಿಡುತ್ತಾನೋ ನಿನಗೂ ಅಷ್ಟೇ ಎತ್ತಿಡಲಿ. ಮನೆಯಲ್ಲಿರುವುದು ಎಷ್ಟು ವರ್ಷ, ಮತ್ತೆ ಯಾವಾಗ ಮಾತಾಡುವುದು, ತಾರೀಖು ಬರೆದಿಡಿ. ಇಬ್ಬರೂ ದುಡಿಯುವ ಮನೆಗೂ ಒಂದು ಮಾತು: ಒಬ್ಬರ ಸಂಬಳ ಇನ್ನೊಬ್ಬರ ಎರಡರಷ್ಟಿದ್ದರೆ ಖರ್ಚನ್ನು ಅರ್ಧಕ್ಕರ್ಧ ಹಂಚುವುದು ಸಮಾನತೆ ಅಲ್ಲ. ಸಂಬಳದ ಪ್ರಮಾಣದಲ್ಲಿ ಹಂಚಿ.

ಕೇಳಿದರೂ ದುಡ್ಡು ಕೊಡದವರು, ಹೊರಗೆ ಹೋಗಲು ಬಿಡದವರು, ಕೈ ಎತ್ತುವವರು ಇದ್ದರೆ ಈ ಹಾಳೆ ಅಲ್ಲಿಗಲ್ಲ. ಅಲ್ಲಿ ಮೊದಲು ನಂಬಿಕಸ್ತರಿಗೆ ಹೇಳಿ, ಸಹಾಯ ಪಡೆಯಿರಿ.

ಹೊರಗಿನವರು ಬಾಯಿ ಹಾಕಿದರೆ

ಹಾಕುತ್ತಾರೆ. "ಹಿಂದಿನಿಂದ ಹೀಗೇ ನಡೆದು ಬಂದಿದೆ" ಅಂದರೆ, ಯಾವ ಹಿಂದಿನಿಂದ ಅಂತ ಕೇಳಿ. ಅಮೆರಿಕದ ಇನ್ನೂರು ವರ್ಷಗಳ ದಾಖಲೆ ಜಾಲಾಡಿದ ಗೋಲ್ಡಿನ್ ಅವರೇ ತೋರಿಸಿದಂತೆ, ಹೊಲ-ಮನೆ ಒಂದೇ ಆಗಿದ್ದಾಗ ಮದುವೆಯಾದ ಹೆಂಗಸರೂ ದುಡಿಯುತ್ತಿದ್ದರು. ಕಾರ್ಖಾನೆ ಬಂದು ಕೆಲಸ ಮನೆಯಿಂದ ದೂರ ಹೋದಾಗ ಅದು ಕಡಿಮೆಯಾಯಿತು, 20ನೇ ಶತಮಾನದಲ್ಲಿ ಮತ್ತೆ ಏರಿತು. ಇದನ್ನು ನಗುತ್ತಾ ಹೇಳಿ, ಎರಡನೇ ಸಲ ಹೇಳಬೇಡಿ. ನೆಂಟರನ್ನು ಗೆಲ್ಲುವ ಕೆಲಸ ನಮ್ಮ ಹಾಳೆಯಲ್ಲಿ ಯಾರ ಹೆಸರಿಗೂ ಇಲ್ಲ.

ಮೂರು ತಿಂಗಳಿಗೊಮ್ಮೆ ಹಾಳೆ ಬದಲಿಸಿ. ಮಕ್ಕಳು ಬೆಳೆಯುತ್ತಾರೆ, ಕೆಲಸಗಳೂ ಬದಲಾಗುತ್ತವೆ. ನಮ್ಮ ಈ ಸಲದ ಹಾಳೆಯಲ್ಲಿ "ರಾತ್ರಿ ಮಗ ಎದ್ದರೆ" ಅನ್ನೋ ಸಾಲು ಹೊಡೆದು ಹಾಕಿದ್ದೇವೆ, ಅವನು ಏಳುವುದಿಲ್ಲ. ಅದರ ಜಾಗಕ್ಕೆ "ಮಾವನವರ ಕಣ್ಣಿನ ಆಪರೇಷನ್, ಆಮೇಲಿನ ಡ್ರಾಪ್ಸ್, ದಿನಕ್ಕೆ ನಾಲ್ಕು ಸಲ" ಅಂತ ಬಂದಿದೆ. ಬರೆದದ್ದು ನಮ್ಮವರು. ಹೆಸರಿನ ಮನೆಗಳು ನಾಲ್ಕೂ ಖಾಲಿ. ಭಾನುವಾರ ಉಗುರು ಮುಗಿದ ಮೇಲೆ ಕೂರೋಣ ಅಂದಿದ್ದಾರೆ.