ಟಿಕೆಟ್ ಒಬ್ಬರದು, ವಿಮಾನ ಇನ್ನೊಬ್ಬರದು: ಕನೆಕ್ಷನ್ ಟಿಕೆಟ್ ತೆಗೆದುಕೊಳ್ಳುವ ಮುಂಚೆ ನೋಡಬೇಕಾದ್ದು

ಮಡಿಕೇರಿಯಲ್ಲಿ ನಮ್ಮದೊಂದು ಸಣ್ಣ ಟಿಕೆಟ್ ಬುಕಿಂಗ್ ಅಂಗಡಿ. ಜೊತೆಗೆ ಜೆರಾಕ್ಸ್, ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡುವುದೂ ಇದೆ. ಹದಿನೇಳು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರು, ಮಸ್ಕತ್‌ಗೋ ದುಬೈಗೋ ಕೆಲಸಕ್ಕೆ ಹೋಗುವ ಹುಡುಗರು, ಓದಲು ಹೋಗುವ ಮಕ್ಕಳು, ನಮ್ಮಲ್ಲಿಗೆ ಬರುವವರಲ್ಲಿ ಇವರೇ ಜಾಸ್ತಿ. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ, ರೈಲೂ ಇಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಮುಟ್ಟಲು ಕಾರಿನಲ್ಲೇ ಆರೇಳು ಗಂಟೆ ಬೇಕು. ಅಲ್ಲಿ ಕೌಂಟರ್ ಮುಂದೆ ನಿಂತಾಗ ಟಿಕೆಟ್‌ನಲ್ಲಿ ಏನೋ ತೊಂದರೆ ಅಂತ ಗೊತ್ತಾದರೆ ವಾಪಸ್ ಬಂದು ಸರಿಮಾಡಿಸುವ ಮಾತೇ ಇಲ್ಲ. ಅದಕ್ಕೇ ನಡುವೆ ವಿಮಾನ ಬದಲಿಸಬೇಕಾದ ಕನೆಕ್ಷನ್ ಟಿಕೆಟ್ ಬಗ್ಗೆ ಇದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ಸೋಮವಾರಪೇಟೆ ಕಡೆಯ ಒಬ್ಬರು ಅತ್ತೆಗೆ ನಾನೇ ಟಿಕೆಟ್ ಮಾಡಿಕೊಟ್ಟಿದ್ದೆ. ಅತ್ತೆ ಅಂದರೆ ಸಂಬಂಧ ಅಲ್ಲ, ನಾವು ಹಾಗೇ ಕರೆಯುವುದು. ಬೆಂಗಳೂರಿನಿಂದ ಗಲ್ಫ್‌ನ ಒಂದು ಊರಿಗೆ ಒಂದು ಕಂಪನಿ, ಅಲ್ಲಿಂದ ಮಗಳಿರುವ ಊರಿಗೆ ಅದರ ಜೊತೆಗಾರ ಕಂಪನಿ. ಒಂದೇ ಟಿಕೆಟ್, ನಾಲ್ಕು ತಿಂಗಳು ಮುಂಚೆ ಮಾಡಿದ್ದು. ನಡುವೆ ಒಂದು ಇ-ಮೇಲ್ ಬಂತು, ವೇಳೆ ಬದಲಾಗಿದೆ ಅಂತ. ನೋಡಿದೆ, ಇಪ್ಪತ್ತು ನಿಮಿಷದ ವ್ಯತ್ಯಾಸ. ಸರಿ ಅಂತ ಒಪ್ಪಿಗೆ ಒತ್ತಿಬಿಟ್ಟೆ. ವೇಳೆಯ ಜೊತೆ ಇನ್ನೇನು ಬದಲಾಗಿದೆ ಅಂತ ನೋಡಲೇ ಇಲ್ಲ.

ಅಷ್ಟರಲ್ಲಿ ಆ ಎರಡು ಕಂಪನಿಗಳ ಒಪ್ಪಂದ ಸಡಿಲವಾಗಿತ್ತು. ನನ್ನ ಕೈಗೆ ಬಂದ ಹೊಸ ಕಾಗದದಲ್ಲಿ ಇದ್ದದ್ದು ಎರಡು ಬೇರೆ ಬೇರೆ ಟಿಕೆಟ್. ಬೆಂಗಳೂರಿನಲ್ಲಿ ಅವರ ಬ್ಯಾಗಿಗೆ ಗಲ್ಫ್‌ವರೆಗಿನ ಟ್ಯಾಗ್ ಮಾತ್ರ ಕಟ್ಟಿದರು. ಬೋರ್ಡಿಂಗ್ ಪಾಸ್ ಕೂಡ ಒಂದೇ. ಅರವತ್ತೆಂಟು ವರ್ಷದ ಹೆಂಗಸು, ಮೊದಲ ಸಲ ವಿಮಾನ ಹತ್ತಿದವರು, ಆ ನಿಲ್ದಾಣದಲ್ಲಿ ಹನ್ನೊಂದು ಗಂಟೆ ಕೂತರು. ಬ್ಯಾಗ್ ತೆಗೆದುಕೊಳ್ಳಲು ಹೊರಗೆ ಹೋಗಬೇಕು, ಹೊರಗೆ ಹೋಗಲು ವೀಸಾ ಇಲ್ಲ. ಕೊನೆಗೆ ಮಗಳು ಅಲ್ಲಿಂದ ಫೋನ್ ಮೇಲೆ ಫೋನ್ ಮಾಡಿ ಬೇರೆ ವಿಮಾನ ಹತ್ತಿಸಿದಳು. ಬಾಣಂತಿ ಲೇಹ್ಯ, ಕಾಫಿಪುಡಿ, ನಮ್ಮ ಕೊಡಗಿನ ಹುಳಿ ಕಾಚಂಪುಳಿಯ ಬಾಟಲಿ ಇದ್ದ ಬ್ಯಾಗ್ ಐದು ದಿನ ಬಿಟ್ಟು ಬಂತು. ಆವತ್ತು ರಾತ್ರಿ ಅವರು ನನಗೆ ಫೋನ್ ಮಾಡಿ "ನಾನೀಗ ಎಲ್ಲಿಗೆ ಹೋಗಲಿ ಮಗಾ" ಅಂತ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಕಂಪನಿಗಳ ನಡುವೆ ಇಂಥದ್ದು ಯಾಕೆ ಆಗುತ್ತದೆ ಅಂತ ಮೊದಲು ಹೇಳುತ್ತೇನೆ. ಕಾರಣ ಗೊತ್ತಿದ್ದರೆ ಟಿಕೆಟ್ ನೋಡುವ ಕಣ್ಣೇ ಬೇರೆ ಆಗುತ್ತದೆ.

ನಮ್ಮ ಕಡೆಯ ಖಾಸಗಿ ಬಸ್‌ಗಳನ್ನೇ ತೆಗೆದುಕೊಳ್ಳಿ. ಒಂದು ಬಸ್ ಸಿದ್ದಾಪುರದಿಂದ ಜನರನ್ನು ವಿರಾಜಪೇಟೆಗೆ ತಂದು ಬಿಡುತ್ತದೆ. ಅಲ್ಲಿ ಇನ್ನೊಬ್ಬರ ಬಸ್ ಐದು ನಿಮಿಷ ಕಾದು ಆ ಜನರನ್ನು ಹತ್ತಿಸಿಕೊಂಡು ಮುಂದೆ ಹೋಗುತ್ತದೆ. ಇಬ್ಬರಿಗೂ ಲಾಭ, ಇಬ್ಬರೂ ಚೆನ್ನಾಗಿರುತ್ತಾರೆ. ಒಂದು ದಿನ ಮೊದಲನೆಯವರು ಯೋಚನೆ ಮಾಡುತ್ತಾರೆ, ಇಷ್ಟು ಜನ ಮುಂದಕ್ಕೂ ಹೋಗುತ್ತಾರಲ್ಲ, ನಾವೇ ಒಂದು ಬಸ್ ಬಿಟ್ಟರೆ ಆಗದಾ? ಬಿಡುತ್ತಾರೆ. ಮಾರನೇ ದಿನದಿಂದ ಆ ಇನ್ನೊಬ್ಬರ ಬಸ್ ಕಾಯುವುದಿಲ್ಲ. ಸ್ಟ್ಯಾಂಡ್‌ನಲ್ಲಿ ಚೀಲ ಹಿಡಿದುಕೊಂಡು ನಿಲ್ಲುವವರು ನಾವು.

ವಿಮಾನದಲ್ಲಿ ಆಗುವುದೂ ಇದೇ. ಆ ಬಸ್ ಸ್ಟ್ಯಾಂಡ್‌ಗೆ ಅಲ್ಲಿ ಹಬ್ ಅನ್ನುತ್ತಾರೆ. ಸಿಯಾಟಲ್‌ನಲ್ಲಿ ನಡೆದದ್ದು ನೋಡಿ. ಅಲಾಸ್ಕಾ ಏರ್‌ಲೈನ್ಸ್‌ಗೆ ಸಿಯಾಟಲ್ ತವರು. ಡೆಲ್ಟಾ ಅದರ ಜೊತೆಗಾರ. ಡೆಲ್ಟಾ ಅಲ್ಲಿಂದ ಏಷ್ಯಾಕ್ಕೆ, ಯೂರೋಪಿಗೆ ದೊಡ್ಡ ವಿಮಾನ ಹಾರಿಸುತ್ತಿತ್ತು, ಸುತ್ತಲಿನ ಊರುಗಳಿಂದ ಜನರನ್ನು ತಂದುಕೊಡುವುದು ಅಲಾಸ್ಕಾ. ಆಮೇಲೆ ಡೆಲ್ಟಾ ಸಿಯಾಟಲ್ ಅನ್ನು ತನ್ನದೇ ಹಬ್ ಮಾಡಿಕೊಳ್ಳಲು ಹೊರಟಿತು. 2014ರ ಹೊತ್ತಿಗೆ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಜೂನೋ ಅಂತ ಅಲಾಸ್ಕಾದ ದಾರಿಗಳಲ್ಲೇ ತನ್ನ ವಿಮಾನ ಇಳಿಸಿತು. ಅಲಾಸ್ಕಾ ಸುಮ್ನೆ ಕೂರಲಿಲ್ಲ, ಡೆಲ್ಟಾದ ಹಬ್ ಆದ ಸಾಲ್ಟ್ ಲೇಕ್ ಸಿಟಿಯಿಂದ ಹೊಸ ದಾರಿಗಳನ್ನು ಶುರು ಮಾಡಿತು. ಆಗಲೂ ಕಾಗದದ ಮೇಲೆ ಇಬ್ಬರೂ ಜೊತೆಗಾರರೇ! 2016ರ ಡಿಸೆಂಬರ್‌ನಲ್ಲಿ ಒಪ್ಪಂದ ಮುಗಿಸುವುದಾಗಿ ಹೇಳಿದರು. 2017ರ ಮೇ 1ರಿಂದ ಒಬ್ಬರ ವಿಮಾನಕ್ಕೆ ಇನ್ನೊಬ್ಬರು ಟಿಕೆಟ್ ಮಾರುವ ಕೋಡ್‌ಶೇರ್ ಇಲ್ಲ, ಒಬ್ಬರ ವಿಮಾನದಲ್ಲಿ ಹಾರಿ ಇನ್ನೊಬ್ಬರ ಮೈಲ್ಸ್, ಅಂದರೆ ಹಾರಿದ್ದಕ್ಕೆ ಕಂಪನಿ ಕೊಡುವ ಅಂಕ, ಪಡೆಯುವುದೂ ಇಲ್ಲ. ಅಲಾಸ್ಕಾ 2021ರಲ್ಲಿ ಒನ್‌ವರ್ಲ್ಡ್ ಅನ್ನುವ ವಿಮಾನ ಕಂಪನಿಗಳ ಗುಂಪಿಗೆ ಸೇರಿತು. ಡೆಲ್ಟಾ ಇರುವುದು ಇನ್ನೊಂದು ಗುಂಪು ಸ್ಕೈಟೀಮ್‌ನಲ್ಲಿ.

ಇಲ್ಲಿ ಒಂದು ವಿಷಯ ಚೆನ್ನಾಗಿ ಗಮನಿಸಿ. ಕೋಡ್‌ಶೇರ್ ಮುಗಿದ ಮೇಲೂ ಅವರಿಬ್ಬರ ನಡುವೆ ಇಂಟರ್‌ಲೈನ್ ಉಳಿಯಿತು. ಕೋಡ್‌ಶೇರ್ ಅಂದರೆ ಒಬ್ಬರ ವಿಮಾನಕ್ಕೆ ಇನ್ನೊಬ್ಬರು ತಮ್ಮ ನಂಬರ್ ಹಾಕಿ ಟಿಕೆಟ್ ಮಾರುವುದು. ಇಂಟರ್‌ಲೈನ್ ಅಂದರೆ ಅವರವರ ನಂಬರ್ ಅವರವರಿಗೇ, ಆದರೆ ಎರಡೂ ಪ್ರಯಾಣ ಒಂದೇ ಟಿಕೆಟ್‌ನಲ್ಲಿ ಸಿಗುತ್ತದೆ, ಬ್ಯಾಗ್ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ನಮ್ಮಂಥವರಿಗೆ ಮುಖ್ಯ ಈ ಎರಡನೆಯದು. ಸ್ನೇಹ ಹೋದರೂ ಬ್ಯಾಗ್ ದಾಟಿಸುವ ಒಪ್ಪಂದ ಇದೆಯಾ? ನಾನು ಈಗ ಮೊದಲು ಕೇಳುವ ಪ್ರಶ್ನೆ ಇದು.

ನಮ್ಮ ದೇಶದಲ್ಲೂ ಲೆಕ್ಕ ಬದಲಾಗುತ್ತಿದೆ. ಯೂರೋಪಿಗೆ ಹೋಗುವ ಜನರನ್ನು ಜೊತೆಗಾರರ ಕೈಗೆ ಕೊಡುತ್ತಿದ್ದ ಇಂಡಿಗೋ 2025ರ ಜುಲೈಯಲ್ಲಿ ಮುಂಬೈಯಿಂದ ತಾನೇ ಮ್ಯಾಂಚೆಸ್ಟರ್, ಆಮ್‌ಸ್ಟರ್‌ಡ್ಯಾಂಗೆ ಹಾರಲು ಶುರು ಮಾಡಿತು. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಹೀಗೆ ಒಂದೊಂದು ಬದಲಾವಣೆ ಆದಾಗಲೂ ಯಾರು ಯಾರಿಗೆ ಜನ ಕೊಡುತ್ತಾರೆ ಅನ್ನುವ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಸರಿ, ಈಗ ಟಿಕೆಟ್ ಕೈಗೆ ತೆಗೆದುಕೊಳ್ಳಿ. ಮೊಬೈಲ್‌ನಲ್ಲಿ ನೋಡಬೇಡಿ, ಪ್ರಿಂಟ್ ಹಾಕಿಸಿ. ನಾನು ಪೆನ್ಸಿಲ್ ಇಟ್ಟುಕೊಂಡು ಮೂರು ಕಡೆ ಸುತ್ತು ಹಾಕಿಕೊಡುತ್ತೇನೆ.

ಮೊದಲ ಸುತ್ತು, ಪ್ರತಿ ವಿಮಾನದ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ "ಆಪರೇಟೆಡ್ ಬೈ" ಸಾಲಿಗೆ. ನಿಜವಾಗಿ ಹಾರಿಸುವವರು ಅವರು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಅವರದೇ, ಟರ್ಮಿನಲ್ ಅವರದೇ, ಊಟ ಸೀಟು ಎಲ್ಲ ಅವರದೇ. ದುಬೈಯನ್ನೇ ನೋಡಿ. ಎಮಿರೇಟ್ಸ್ ಇರುವುದು 3ನೇ ಟರ್ಮಿನಲ್‌ನಲ್ಲಿ. ಅದರ ಜೊತೆಗಾರ ಫ್ಲೈದುಬೈಯ ಎಷ್ಟೋ ವಿಮಾನಗಳು ಹೊರಡುವುದು ರನ್‌ವೇಯ ಆಚೆ ಬದಿಯ 2ನೇ ಟರ್ಮಿನಲ್‌ನಿಂದ. ನಡೆದು ಹೋಗಲು ಆಗುವುದಿಲ್ಲ, ಬಸ್ ಹತ್ತಬೇಕು. ಮಂಡಿ ನೋವಿರುವವರಿಗೆ ಇದೊಂದು ಸಾಲು ಓದಿ ಗಾಲಿಕುರ್ಚಿ ಹೇಳಿಟ್ಟರೆ ಎಷ್ಟು ಉಪಕಾರ ಗೊತ್ತಾ?

ಎರಡನೇ ಸುತ್ತು, ಹದಿಮೂರು ಅಂಕಿಯ ಟಿಕೆಟ್ ನಂಬರ್‌ಗೆ. ಇದು ಪಿಎನ್‌ಆರ್, ಅಂದರೆ ಬುಕಿಂಗ್ ನಂಬರ್ ಅಲ್ಲ, ಬೇರೆ. ಅದರ ಮೊದಲ ಮೂರು ಅಂಕಿ ಈ ಟಿಕೆಟ್ ಯಾರ ಹೆಸರಿನಲ್ಲಿ ಕೊಟ್ಟದ್ದು ಅಂತ ಹೇಳುತ್ತದೆ. 098 ಇದ್ದರೆ ಏರ್ ಇಂಡಿಯಾ, 176 ಎಮಿರೇಟ್ಸ್, 157 ಕತಾರ್, 607 ಎತಿಹಾದ್, 220 ಲುಫ್ತಾನ್ಸಾ, 618 ಸಿಂಗಾಪುರ. ಹೊರಡುವ ಮುಂಚೆ ಏನಾದರೂ ಬದಲಾದರೆ ಮೊದಲು ಮಾತಾಡಬೇಕಾದ್ದು ಇವರ ಹತ್ತಿರ, ಅಥವಾ ಟಿಕೆಟ್ ಮಾಡಿಕೊಟ್ಟ ನಮ್ಮಂಥವರ ಹತ್ತಿರ. ಒಬ್ಬರಿಗೆ ಹೋಗಲು ಇಂಥ ನಂಬರ್ ಎರಡು ಬೇರೆ ಬೇರೆ ಇದ್ದು, ಮೊದಲ ಮೂರು ಅಂಕಿಯೂ ಬೇರೆ ಇದ್ದರೆ ಅಲ್ಲೇ ನಿಲ್ಲಿ. ಅದು ಎರಡು ಟಿಕೆಟ್. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ. ನಾಲ್ಕೈದು ಸಾವಿರ ಕಡಿಮೆ ಅಂತ ಇದನ್ನು ತೆಗೆದುಕೊಳ್ಳಬೇಡಿ. ವಯಸ್ಸಾದವರಿಗಂತೂ ಬೇಡವೇ ಬೇಡ.

ವಿರಾಜಪೇಟೆ, ಗೋಣಿಕೊಪ್ಪಲಿನವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ನಿಮಗೆ ಕಣ್ಣೂರು ನಿಲ್ದಾಣ ಹತ್ತಿರ. 2018ರ ಡಿಸೆಂಬರ್ 9ರಂದು ಶುರುವಾದಾಗಿನಿಂದ ಅಲ್ಲಿಂದ ಗಲ್ಫ್‌ಗೆ ನಮ್ಮ ದೇಶದ ಕಂಪನಿಗಳು ಹಾರಿಸುತ್ತಿವೆ. ಗಲ್ಫ್‌ಗಷ್ಟೇ ಹೋಗುವವರಿಗೆ ತುಂಬಾ ಅನುಕೂಲ. ಆದರೆ ಗಲ್ಫ್‌ನಿಂದ ಲಂಡನ್‌ಗೋ ಅಮೆರಿಕಕ್ಕೋ ಬೇರೆ ಕಂಪನಿಯಲ್ಲಿ ಮುಂದೆ ಹೋಗುವುದಾದರೆ, ಒಂದೇ ಟಿಕೆಟ್ ಅಂತ ಖಾತ್ರಿ ಮಾಡಿಕೊಳ್ಳದೆ ದುಡ್ಡು ಕಟ್ಟಬೇಡಿ.

ಮೂರನೇ ಸುತ್ತು ಪಿಎನ್‌ಆರ್‌ಗೆ. ಕಂಪನಿ ಎರಡಿದ್ದರೆ ಸಾಮಾನ್ಯವಾಗಿ ಪಿಎನ್‌ಆರ್ ಕೂಡ ಎರಡಿರುತ್ತದೆ, ಕಾಗದದ ಮೇಲೆ ಎಷ್ಟೋ ಸಲ ಒಂದೇ ಅಚ್ಚಾಗಿರುತ್ತದೆ. ಇನ್ನೊಂದನ್ನು ಏಜೆಂಟ್ ಹತ್ತಿರ ಕೇಳಿ ಪಡೆದು ಪಕ್ಕದಲ್ಲಿ ಬರೆದುಕೊಳ್ಳಿ. ಎರಡನೇ ಕಂಪನಿಯ ವೆಬ್‌ಸೈಟ್‌ನಲ್ಲಿ ಅದನ್ನು ಹಾಕಿ ನೋಡಿ. ನಿಮ್ಮ ಹೆಸರು, ಸೀಟು ಬಂತಾ? ಬಂದರೆ ನೆಮ್ಮದಿ. ಬರಲಿಲ್ಲವೆಂದರೆ ಆವತ್ತೇ ಫೋನ್ ಮಾಡಿ.

ಕಂಪನಿಗಳ ನಡುವೆ ಬಿರುಕು ಬಿದ್ದಿದೆಯಾ ಅಂತ ಪೇಪರ್ ನೋಡಿ ತಿಳಿಯಲು ಕಾಯಬೇಕಿಲ್ಲ. ಮುಂಚೆ ಜೊತೆಯಾಗಿ ಸಿಗುತ್ತಿದ್ದ ಎರಡು ವಿಮಾನ ಈಗ ಒಂದೇ ಹುಡುಕಾಟದಲ್ಲಿ ಬರುತ್ತಿಲ್ಲ, ಒಬ್ಬರ ಮೈಲ್ಸ್ ಇನ್ನೊಬ್ಬರಲ್ಲಿ ಕಡಿಮೆ ಸೇರುತ್ತಿದೆ, ಅದೇ ದಾರಿಯಲ್ಲಿ ಮೊದಲನೆಯವರು ತಾವೇ ಹಾರಲು ಶುರು ಮಾಡಿದ್ದಾರೆ. ಇಷ್ಟು ಕಂಡರೆ ಆ ಜೋಡಿಯ ಟಿಕೆಟ್ ಅನ್ನು ಆರು ತಿಂಗಳು ಮುಂಚೆ ನಾನು ಮಾಡಿಕೊಡುವುದಿಲ್ಲ. ಮಾಡಲೇಬೇಕಾದರೆ ಎರಡೂ ಕಡೆ ಒಂದೇ ಕಂಪನಿ ಹಾರಿಸುವುದನ್ನು ಹುಡುಕುತ್ತೇನೆ. ಮೈಲ್ಸ್ ಕೂಡಿಟ್ಟವರು ಅದನ್ನು ಜೊತೆಗಾರರ ವಿಮಾನಕ್ಕೆ ಬಳಸುವ ಆಸೆ ಇದ್ದರೆ ಬೇಗ ಬಳಸಿಬಿಡಿ.

ಟಿಕೆಟ್ ಮಾಡಿದ ಮೇಲೆ ಹದಿನೈದು ದಿನಕ್ಕೊಮ್ಮೆ ಎರಡೂ ಪಿಎನ್‌ಆರ್ ತೆರೆದು ನೋಡಿ. ಬದಲಾವಣೆಯ ಇ-ಮೇಲ್ ಬಂದರೆ ಒಪ್ಪಿಗೆ ಒತ್ತಬೇಡಿ, ಮೊದಲು ಹಳೇ ಪ್ರಿಂಟ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ಹಾರಿಸುವವರು ಯಾರು, ಟಿಕೆಟ್ ನಂಬರ್ ಅದೇನಾ, ಟರ್ಮಿನಲ್ ಅದೇನಾ, ನಡುವೆ ಎಷ್ಟು ಹೊತ್ತು, ಬ್ಯಾಗ್ ಎಷ್ಟು ಕಿಲೋ. ನಾನು ಎಡವಿದ್ದು ಇಲ್ಲೇ. ಒಂದು ಸಲ ಒಪ್ಪಿದ ಮೇಲೆ ಬೇರೆ ವಿಮಾನ ಕೊಡಿ ಅಂತ ಕೇಳುವುದು ಕಷ್ಟ. ಒಪ್ಪುವ ಮುಂಚೆ ಕೇಳಿದರೆ, ದೊಡ್ಡ ಬದಲಾವಣೆ ಆಗಿದ್ದಾಗ, ಬೇರೆ ವಿಮಾನವೋ ಪೂರ್ತಿ ದುಡ್ಡೋ ಸಿಗುವ ಸಾಧ್ಯತೆ ಚೆನ್ನಾಗಿರುತ್ತದೆ.

ಬೆಂಗಳೂರು ಕೌಂಟರ್‌ನಲ್ಲಿ ಬ್ಯಾಗಿಗೆ ಟ್ಯಾಗ್ ಕಟ್ಟುವಾಗ ಬಗ್ಗಿ ನೋಡಿ. ಅದರ ಮೇಲೆ ದೊಡ್ಡದಾಗಿ ಮೂರು ಅಕ್ಷರ ಇರುತ್ತದೆ, ಅದು ಕೊನೆಯ ಊರಿನದಾಗಿರಬೇಕು. ನಡುವಿನ ಊರಿನದಿದ್ದರೆ ಬ್ಯಾಗ್ ಬೆಲ್ಟ್ ಮೇಲೆ ಹೋಗುವ ಮುಂಚೆಯೇ ಕೇಳಿ. ನಾನು ಆ ಮೂರು ಅಕ್ಷರವನ್ನು ಟಿಕೆಟ್ ಮೇಲೆ ದಪ್ಪಗೆ ಬರೆದು ಕೊಡುತ್ತೇನೆ, ಇಂಗ್ಲಿಷ್ ಬಾರದವರೂ ಚಿತ್ರದ ಹಾಗೆ ಹೋಲಿಸಿ ನೋಡಬಹುದು. ಬೋರ್ಡಿಂಗ್ ಪಾಸ್ ಎರಡೂ ಅಲ್ಲೇ ಕೇಳಿ ಪಡೆಯಿರಿ. ಅಮೆರಿಕಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಟ್ಯಾಗ್ ಕೊನೆಯ ಊರಿನವರೆಗೆ ಇದ್ದರೂ, ಆ ದೇಶದಲ್ಲಿ ಇಳಿದ ಮೊದಲ ಊರಿನಲ್ಲಿ ಸಾಮಾನ್ಯವಾಗಿ ಬ್ಯಾಗ್ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಅದಕ್ಕೆ ಎರಡೂವರೆ, ಮೂರು ಗಂಟೆ ನಡುವೆ ಬಿಡಿ.

ಬ್ಯಾಗ್ ಬರಲಿಲ್ಲ ಅಂತಾದರೆ ನಿಲ್ದಾಣ ಬಿಟ್ಟು ಹೊರಗೆ ಬರಬೇಡಿ. ಕೊನೆಯ ವಿಮಾನ ಹಾರಿಸಿದ ಕಂಪನಿಯ ಬ್ಯಾಗೇಜ್ ಕೌಂಟರ್‌ನಲ್ಲಿ ಪಿಐಆರ್ ಅನ್ನುವ ದೂರು ಬರೆಸಿ ಪ್ರತಿ ತೆಗೆದುಕೊಳ್ಳಿ. ಇವರು ಅವರ ಕಡೆ, ಅವರು ಇವರ ಕಡೆ ಬೆರಳು ತೋರಿಸುತ್ತಾರೆ. ಹೆದರಬೇಡಿ. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ತಮ್ಮ ಹೆಸರಿನಲ್ಲಿ ಟಿಕೆಟ್ ಮಾರಿದ ಕಂಪನಿಯನ್ನೂ ಕೇಳಬಹುದು, ಹಾರಿಸಿದ ಕಂಪನಿಯನ್ನೂ ಕೇಳಬಹುದು. ಬ್ಯಾಗ್ ಒಡೆದಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ ದಿನದಿಂದ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಬ್ಯಾಗ್ ಇಲ್ಲದ ದಿನಗಳಲ್ಲಿ ಕೊಂಡ ಬಟ್ಟೆ, ಔಷಧಿಯ ಬಿಲ್ ಎತ್ತಿಡಿ. ಕಂಪನಿಯವರು ಉತ್ತರ ಕೊಡದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ವೆಬ್‌ಸೈಟ್‌ನಲ್ಲಿ ದೂರು ಹಾಕಬಹುದು. ಔಷಧಿ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಕಾಚಂಪುಳಿಯಂಥ ದ್ರವ ದೊಡ್ಡ ಬ್ಯಾಗಿಗೇ ಹೋಗಬೇಕು, ಎರಡು ಪ್ಲಾಸ್ಟಿಕ್ ಕವರ್ ಹಾಕಿ ಬಟ್ಟೆಯ ನಡುವೆ ಇಡಿ.

ಇನ್ನು ನಮ್ಮ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಒಂದು ದಿನ ಮುಂಚೆಯೇ ಘಟ್ಟ ಇಳಿದುಬಿಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಂಗಳೂರು ರಸ್ತೆ ಎಷ್ಟು ದಿನ ಮುಚ್ಚಿತ್ತು ಅಂತ ನೆನಪಿದೆ ಅಲ್ವಾ? ಕಣ್ಣೂರಿಗೆ ಹೋಗುವ ಮಾಕುಟ್ಟ ರಸ್ತೆಯೂ ಜೋರು ಮಳೆಯಲ್ಲಿ ನಂಬುವ ಹಾಗಿಲ್ಲ. ಮನೆ ಬಿಡುವ ಹಿಂದಿನ ದಿನ ಸಂಜೆ ಕರೆಂಟ್ ಹೋಗುವ ಮುಂಚೆ ಎರಡೂ ಪಿಎನ್‌ಆರ್ ಇನ್ನೊಂದು ಸಲ ತೆರೆದು ನೋಡಿ, ಹೊಸ ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಒಳಗೆ ಮಡಚಿಡಿ, ಆಮೇಲೆ ಬ್ಯಾಗ್ ಕಾರಿಗೆ ಹಾಕಿ.